ಎಂಜಿನ್‌ಗೆ ಟಾನಿಕ್ ಬೇಕಾ?

ಕಳೆದ ತಿಂಗಳು ಅಪ್ಪ ಕಾರನ್ನು ಸರ್ವೀಸ್‌ಗೆ ಬಿಟ್ಟಿದ್ದರು. ಬಿಲ್ ನೋಡ್ತೀನಿ, ‘ಆಯಿಲ್ ಅಡಿಟಿವ್’ ಅಂತ 650 ರೂಪಾಯಿ! ಕೇಳಿದ್ದಕ್ಕೆ, “ಎಂಜಿನ್‌ಗೆ ಟಾನಿಕ್ ಅಂತೆ ಕಣೋ, ಹಾಕಿಸಿದ್ರೆ ಒಳ್ಳೇದಂತೆ” ಅಂದರು. ಮಗ ಎಂಜಿನಿಯರಿಂಗ್ ಓದಿದ್ದು ಅಪ್ಪನ ಜೇಬಿಗೆ ಉಪಯೋಗಕ್ಕೆ ಬರಲಿಲ್ಲ.

ವೀಕ್ಷಕರೇ, ನೀವು ಹಾಕಿಸೋ ಎಂಜಿನ್ ಆಯಿಲ್‌ನಲ್ಲೇ ಅಡಿಟಿವ್ ಇರುತ್ತೆ. ಕೊಳೆ ತೆಗೆಯೋಕೆ ಡಿಟರ್ಜೆಂಟ್, ಮಸಿ ಗಂಟು ಕಟ್ಟದಂತೆ ಡಿಸ್ಪರ್ಸೆಂಟ್, ಲೋಹ ಸವೆಯದಂತೆ ಸತು-ರಂಜಕದ ಸಂಯುಕ್ತ. ಎಲ್ಲವನ್ನೂ ಅಳೆದು, ಪರೀಕ್ಷಿಸಿ ಬೆರೆಸಿರ್ತಾರೆ. ಹದವಾದ ಸಾರಿಗೆ ಮತ್ತೊಂದು ಹಿಡಿ ಉಪ್ಪು ಸುರಿದರೆ ರುಚಿ ಹೆಚ್ಚುತ್ತಾ? ರಂಜಕ ಅತಿಯಾದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೇ ಪೆಟ್ಟು.

ಅಮೆರಿಕದಲ್ಲಿ ‘ಸ್ಲಿಕ್ 50’ ಎಂಬ ಅಡಿಟಿವ್ ಭರ್ಜರಿಯಾಗಿ ಮಾರಾಟವಾಗ್ತಿತ್ತು. ಎಂಜಿನ್ ಸವೆತ ತಗ್ಗುತ್ತೆ ಅನ್ನೋ ಜಾಹೀರಾತಿಗೆ ಪುರಾವೆ ಎಲ್ಲಿ ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಪ್ರಶ್ನೆ ಮಾಡಿತು. 1997ರಲ್ಲಿ ಕಂಪನಿ ರಾಜಿಗೆ ಬಂತು.

“ನಂದು ಹಳೇ ಗಾಡಿ, ಆಯಿಲ್ ಕುಡಿಯುತ್ತೆ” ಅಂತೀರಾ? ಆಯಿಲ್ ಗಟ್ಟಿ ಮಾಡುವ ಬಾಟಲಿ ನಾಲ್ಕು ದಿನ ಹೊಗೆ ಮುಚ್ಚಿಡಬಹುದು. ಸವೆದ ಪಿಸ್ಟನ್ ರಿಂಗ್ ಮತ್ತೆ ಬೆಳೆಯಲ್ಲ. ಆ ದುಡ್ಡನ್ನು ರಿಪೇರಿಗೆ ಇಟ್ಕೊಳ್ಳಿ.

ಮ್ಯಾನ್ಯುಯಲ್‌ನಲ್ಲಿ ಹೇಳಿರೋ ಗ್ರೇಡ್ ಆಯಿಲ್ ಹಾಕಿಸಿ, ಹೊತ್ತಿಗೆ ಸರಿಯಾಗಿ ಬದಲಾಯಿಸಿ. ಟಾನಿಕ್ ಅಂದರೆ ಅದೇ. ಅಪ್ಪನಿಗೆ ನಾನು ಹೇಳಿದ್ದು ಇಷ್ಟೇ, ನಿಮಗೂ ಹೇಳ್ತೀನಿ: ಜಾಬ್ ಕಾರ್ಡ್ ಓದದೆ ಸಹಿ ಹಾಕಬೇಡಿ.