ಮುಳುಗುಗಾರನ ಸಿಲಿಂಡರೂ ಮನೆಯ ರಿಪೇರಿಯೂ

ಸಮುದ್ರದೊಳಕ್ಕೆ ಇಳಿಯುವವರು ಬೆನ್ನಿಗೆ ಕಟ್ಟಿಕೊಳ್ಳುವ ಗಾಳಿಯ ಸಿಲಿಂಡರನ್ನು ವಾಚಕರಲ್ಲಿ ಅನೇಕರು ಚಿತ್ರಗಳಲ್ಲಿ ನೋಡಿರಬಹುದು. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಹೋಗಿಬಂದವರು ಅದನ್ನು ಬೆನ್ನ ಮೇಲೆ ಹೊತ್ತೂ ಇರಬಹುದು. ಈ ಉಪಕರಣಕ್ಕೆ ಸ್ಕೂಬಾ ಎಂದು ಹೆಸರು. ನೀರಿನಡಿಯಲ್ಲಿ ಉಸಿರಾಡುವ ಸ್ವಯಂಪೂರ್ಣ ಉಪಕರಣ ಎಂಬರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳು ಕೂಡಿ ಆದ ಪದವಿದು. ಅಮೆರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ಹವ್ಯಾಸಕ್ಕಾಗಿ ಮುಳುಗುವವರು ಸ್ವಂತ ಸಿಲಿಂಡರುಗಳನ್ನು ಮನೆಯಲ್ಲಿಯೇ ಇಟ್ಟುಕೊಂಡಿರುತ್ತಾರೆ. ಸಮುದ್ರಕ್ಕೆ ಹೋಗದ ದಿನಗಳಲ್ಲಿ ಅದು ಕಾರಿನ ಟೈರಿಗೆ ಗಾಳಿ ತುಂಬಲೋ, ಗಾಳಿಯ ಬಲದಿಂದ ಮೊಳೆ ಹೊಡೆಯುವ ಯಂತ್ರವನ್ನು ನಡೆಸಲೋ ಒದಗುವುದುಂಟು. ಉಪಾಯವೇನೋ ಜಾಣತನದ್ದೇ, ಆದರೆ ಈ ಜಾಣತನಕ್ಕೆ ಒಂದು ಎಲ್ಲೆಯಿದೆ. ಆ ಎಲ್ಲೆ ಎಲ್ಲಿದೆಯೆಂಬುದನ್ನು ತಿಳಿಯಲು ಕಾಲೇಜಿನ ಮೊದಲ ವರ್ಷದ ಭೌತಶಾಸ್ತ್ರವೇ ಸಾಕು.

ಮೊದಲು ಲೆಕ್ಕವನ್ನು ನೋಡೋಣ. ಸಾಮಾನ್ಯವಾದ ಅಲ್ಯುಮಿನಿಯಮ್ ಸಿಲಿಂಡರಿನ ಒಳಗಾತ್ರ ಸುಮಾರು 11 ಲೀಟರು. ಅದರಲ್ಲಿ ವಾಯುಮಂಡಲದ ಒತ್ತಡದ ಸುಮಾರು 200 ಮಡಿ ಒತ್ತಡದಲ್ಲಿ ಗಾಳಿಯನ್ನು ತುಂಬಿರುತ್ತಾರೆ. ಬಾಯ್ಲನ ನಿಯಮದಂತೆ, ಹೊರಗೆ ಬಿಟ್ಟರೆ ಅದು 2,200 ಲೀಟರುಗಳಷ್ಟಾಗಬೇಕು. ಗಾಳಿಗೆ ತೂಕವೇ ಇಲ್ಲವೆಂದು ಭಾವಿಸುವವರು ಗಮನಿಸಬೇಕು: ಇದರ ತೂಕ ಎರಡೂವರೆ ಕಿಲೋಗ್ರಾಮಿಗೂ ಹೆಚ್ಚು! ಇದು ನಿಧಾನವಾಗಿ, ಉಷ್ಣತೆ ಬದಲಾಗದಂತೆ ಹಿಗ್ಗಿದರೆ ಸುಮಾರು ಒಂಬತ್ತೂವರೆ ಲಕ್ಷ ಜೂಲುಗಳಷ್ಟು ಕೆಲಸವನ್ನು ಮಾಡಬಲ್ಲುದು. 1,000 ಕಿಲೋಗ್ರಾಂ ತೂಕದ ಕಾರನ್ನು ಕುತುಬ್ ಮಿನಾರಿನ ತುದಿಯನ್ನೂ ಮೀರಿ ಎತ್ತಲು ಇಷ್ಟು ಶಕ್ತಿ ಸಾಕು.

ಇಂಥ ಒತ್ತಡವನ್ನು ನೇರವಾಗಿ ಶ್ವಾಸಕೋಶಕ್ಕಾಗಲಿ ಟೈರಿಗಾಗಲಿ ಬಿಡುವಂತಿಲ್ಲವಷ್ಟೆ. ಅದನ್ನು ಪಳಗಿಸುವುದಕ್ಕೆ ಒಂದು ನಿಯಂತ್ರಕವುಂಟು. ಅದರ ಚರಿತ್ರೆಯೇ ಒಂದು ರಿಪೇರಿಯ ಕಥೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನರ ವಶವಾಗಿದ್ದ ಫ್ರಾನ್ಸಿನಲ್ಲಿ ಪೆಟ್ರೋಲು ದುರ್ಲಭವಾಗಿ, ಕಾರುಗಳನ್ನು ಅನಿಲದಿಂದ ಓಡಿಸಬೇಕಾಗಿ ಬಂತು. ಎಂಜಿನ್ನಿಗೆ ಬೇಕಾದಾಗ ಬೇಕಾದಷ್ಟೇ ಅನಿಲವನ್ನು ಒದಗಿಸುವ ಒಂದು ಕವಾಟವನ್ನು ಎಮಿಲ್ ಗಾಗ್ನಾನ್ ಎಂಬ ಎಂಜಿನಿಯರನು ರಚಿಸಿದ್ದನು. 1942ರ ಕೊನೆಯಲ್ಲಿ ನೌಕಾಧಿಕಾರಿ ಜಾಕ್ ಕೂಸ್ಟೊ ಅವನನ್ನು ಕಂಡು, ಎಂಜಿನ್ನಿನ ಬದಲು ಮನುಷ್ಯನಿಗೆ ಅದನ್ನು ಹೊಂದಿಸಲಾದೀತೇ ಎಂದು ಕೇಳಿದನು. ಮರುವರ್ಷ ಮಾರ್ನ್ ನದಿಯಲ್ಲಿ ಪರೀಕ್ಷೆ ನಡೆಯಿತು. ತಲೆ ಕೆಳಗಾದೊಡನೆ ಉಪಕರಣ ತೊಡಕುಗೊಟ್ಟಿತು. ಉಸಿರು ಹೊರಹೋಗುವ ದ್ವಾರವನ್ನು ಕವಾಟದ ಪೊರೆಯ ಮಟ್ಟಕ್ಕೆ ತಂದಮೇಲೆ ಅದು ಸರಿಹೋಯಿತು.

ಇಂದಿನ ನಿಯಂತ್ರಕ ಎರಡು ಹಂತಗಳದು. ಮೊದಲನೆಯ ಹಂತವು 200 ಮಡಿ ಒತ್ತಡವನ್ನು ಸುಮಾರು 9-10 ಮಡಿಗೆ ಇಳಿಸುತ್ತದೆ. ಎರಡನೆಯದು ಬಾಯಿಯ ಬಳಿಯಿದ್ದು, ಉಸಿರೆಳೆದಾಗ ಮಾತ್ರ ತೆರೆಯುತ್ತದೆ. ಮನೆಯ ಕೆಲಸಗಾರನಿಗೆ ಅದೃಷ್ಟ ಕಾಣುವುದು ಮೊದಲನೆಯದರಲ್ಲಿ. ಗಾಳಿಯಿಂದ ನಡೆಯುವ ಬಹುಪಾಲು ಕೈಯಂತ್ರಗಳಿಗೆ ಬೇಕಾದುದು 6-7 ಮಡಿ ಒತ್ತಡ ಮಾತ್ರ. ಆದ್ದರಿಂದ ಮುಳುಗುಗಾರನ ತೇಲು-ಅಂಗಿಗೆ ಗಾಳಿಯೂಡುವ ಕೊಳವೆಗೆ ತಕ್ಕ ಜೋಡಣೆಯೊಂದನ್ನು ಹಾಕಿದರೆ ಯಂತ್ರ ನಡೆಯುತ್ತದೆ. ವಿದ್ಯುತ್ತೂ ಬೇಡ, ಸದ್ದೂ ಇಲ್ಲ. 30 ಲೀಟರು ಗಾತ್ರದ ಕಾರಿನ ಟೈರಿಗೆ ಸುಮಾರು 60 ಲೀಟರು ಗಾಳಿ ಸಾಕಾದುದರಿಂದ, ಒಂದು ಸಿಲಿಂಡರು ಮೂವತ್ತಕ್ಕೂ ಹೆಚ್ಚು ಟೈರುಗಳನ್ನು ತುಂಬಬಲ್ಲುದು. ಟ್ಯೂಬಿಲ್ಲದ ಟೈರಿನ ಅಂಚನ್ನು ಚಕ್ರಕ್ಕೆ ಕೂರಿಸಲು ಒಮ್ಮೆಲೇ ನುಗ್ಗುವ ಗಾಳಿ ಬೇಕು. ಕೈಪಂಪಿಗೆ ಆಗದ ಈ ಕೆಲಸ ಇದಕ್ಕೆ ಸುಲಭ. ಬಣ್ಣ ಸಿಂಪಡಿಸುವ ಪಿಚಕಾರಿಗೆ ಮಾತ್ರ ಇದನ್ನು ನಂಬುವಂತಿಲ್ಲ: ಅದು ನಿಮಿಷಕ್ಕೆ 250 ಲೀಟರು ನುಂಗುವುದಾದರೆ, ಒಂದು ಬಾಗಿಲು ಮುಗಿಯುವ ಹೊತ್ತಿಗೆ ಸಿಲಿಂಡರೂ ಮುಗಿದಿರುತ್ತದೆ.

ಇಲ್ಲಿ ಸುಲಭವಾಗಿ ಕಣ್ತಪ್ಪುವ ಒಂದು ಸೂಕ್ಷ್ಮವಿದೆ. ಮೊದಲನೆಯ ಹಂತದ ಕವಾಟ ಕೆಟ್ಟು ಸೋರಿದರೆ ಒತ್ತಡ ಏರುತ್ತ ಹೋಗುತ್ತದೆ. ಆಗ ಬಾಯಿಯ ಬಳಿಯ ಕವಾಟ ತಾನಾಗಿ ತೆರೆದು ಹೆಚ್ಚಿನ ಗಾಳಿಯನ್ನು ಹೊರಬಿಡುತ್ತದೆ. ಉಸಿರಾಟಕ್ಕೇನೂ ಇಲ್ಲವಲ್ಲ ಎಂದು ಅದನ್ನು ಬಿಚ್ಚಿಟ್ಟವನು ಇರುವ ಒಂದೇ ರಕ್ಷಣೆಯನ್ನು ಬಿಚ್ಚಿಟ್ಟಂತೆ. ಅದು ಬೇಡವೆಂದಾದರೆ ಬೇರೊಂದು ರಕ್ಷಣಾ ಕವಾಟವನ್ನಾದರೂ ಹಾಕಲೇಬೇಕು.

ಉಪಕರಣವನ್ನು ಉಸಿರಾಟಕ್ಕಾಗಿಯೇ ಬಳಸಿ ಮನೆಯ ಮಲಗುಂಡಿಗೋ ಹಾಳುಬಾವಿಗೋ ಇಳಿಯಬಹುದಲ್ಲವೇ ಎಂಬ ಯೋಚನೆಯೂ ಬರುವುದು ಸಹಜ. ಖಂಡಿತ ಕೂಡದು. ಮುಳುಗುಗಾರನ ಕವಾಟ ತೆರೆಯುವುದು ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯಾದಾಗ. ಆ ಕ್ಷಣದಲ್ಲಿ ತುಟಿಯ ಬದಿಯಲ್ಲಿ ಎಳೆಯಷ್ಟು ಸಂದಿದ್ದರೂ ಹೊರಗಿನದು ಒಳಗೆ ಬರುತ್ತದೆ. ಸಮುದ್ರದಲ್ಲಿ ಹಾಗೆ ಬರುವುದು ಉಪ್ಪುನೀರು, ಅದು ಒಡನೆಯೇ ತಿಳಿಯುತ್ತದೆ. ಗುಂಡಿಯಲ್ಲಿ ಬರುವುದು ಹೈಡ್ರೊಜನ್ ಸಲ್ಫೈಡಿನಂಥ ವಿಷ. ಅದರ ದುರ್ವಾಸನೆಯಾದರೂ ಎಚ್ಚರಿಸೀತೆಂದರೆ, ಅನಿಲ ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯೇ ಕುಂದುತ್ತದೆ. ಅಗ್ನಿಶಾಮಕ ದಳದವರ ಮುಖವಾಡದಲ್ಲಿ ಒತ್ತಡ ಯಾವಾಗಲೂ ಹೊರಗಿಗಿಂತ ಕೊಂಚ ಹೆಚ್ಚಾಗಿರುವಂತೆ ಏರ್ಪಡಿಸಿರುವುದು ಇದಕ್ಕಾಗಿಯೇ; ಅಲ್ಲಿ ಸೋರಿಕೆಯಾದರೆ ಗಾಳಿ ಹೊರಕ್ಕೆ ಹೋಗುತ್ತದೆ. ಎರಡೂ ನೋಡಲು ಸೋದರರಂತಿದ್ದರೂ ಒಂದು ಇನ್ನೊಂದರ ಕೆಲಸಕ್ಕೆ ಬಾರದು.

ಇನ್ನು ಕೊಳಾಯಿಯ ರಿಪೇರಿ. ಹೊಸದಾಗಿ ಜೋಡಿಸಿದ ಪ್ಲಾಸ್ಟಿಕ್ ಕೊಳವೆಯಲ್ಲಿ ಸೋರಿಕೆ ಇದೆಯೇ ಎಂದು ನೋಡಲು ಸಿಲಿಂಡರಿನ ಗಾಳಿಯನ್ನು ತುಂಬುವುದು ಎಲ್ಲಕ್ಕಿಂತ ಆಕರ್ಷಕವಾದ ಉಪಾಯ, ಎಲ್ಲಕ್ಕಿಂತ ಕೆಟ್ಟದ್ದೂ ಹೌದು. 10 ಲೀಟರು ಹಿಡಿಯುವ ಕೊಳವೆಯನ್ನು ವಾಯುಮಂಡಲದ ಒತ್ತಡಕ್ಕಿಂತ 7 ಮಡಿ ಮೇಲಕ್ಕೆ ಒಯ್ದೆವೆನ್ನಿ. ಒಳಗಿರುವುದು ನೀರಾದರೆ ಅದರಲ್ಲಿ ಅಡಗುವ ಶಕ್ತಿ ಸುಮಾರು ಒಂದು ಜೂಲು, ಏಕೆಂದರೆ ನೀರು ಕುಗ್ಗುವುದು ಅತ್ಯಲ್ಪ. ಗಾಳಿಯಾದರೆ ಸುಮಾರು 10,000 ಜೂಲು! ಜೋಡಣೆ ಬಿಟ್ಟುಕೊಂಡಾಗ ನೀರಿದ್ದಲ್ಲಿ ನೆಲ ಒದ್ದೆಯಾಗುತ್ತದೆ. ಗಾಳಿಯಿದ್ದಲ್ಲಿ ಪ್ಲಾಸ್ಟಿಕ್ಕಿನ ಚೂರುಗಳು ಚೂರಿಗಳಂತೆ ಹಾರುತ್ತವೆ. ಕಸ ಕಟ್ಟಿ ಮುಚ್ಚಿದ ಮೋರಿಯ ಕೊಳವೆಗೆ ಗಾಳಿಯೂದುವುದೂ ಇದೇ ಜಾತಿಯದು, ಅಲ್ಲಿ ಕಸದ ಗಡ್ಡೆಯೇ ಗುಂಡಾಗುತ್ತದೆ.

ಸಿಲಿಂಡರನ್ನು ಪರೀಕ್ಷಿಸುವವರೂ ಇದೇ ಲೆಕ್ಕವನ್ನು ನಂಬಿದವರು. ಅಮೆರಿಕದಲ್ಲಿ 5 ವರ್ಷಕ್ಕೊಮ್ಮೆ ಅದರ ಗಾಳಿಯನ್ನೆಲ್ಲ ತೆಗೆದು, ನೀರನ್ನು ತುಂಬಿ, ನೀರಿನ ತೊಟ್ಟಿಯೊಳಗೇ ಇಳಿಬಿಟ್ಟು, ಬಳಕೆಯ ಒತ್ತಡದ 5/3ರಷ್ಟಕ್ಕೆ ಏರಿಸುತ್ತಾರೆ. ಲೋಹ ಎಷ್ಟು ಹಿಗ್ಗಿತು, ಒತ್ತಡ ಇಳಿಸಿದ ಮೇಲೆ ಎಷ್ಟು ಹಿಂದಿರುಗಿತು ಎಂಬುದನ್ನು ಅಳೆದು, ತೇರ್ಗಡೆಯಾದರೆ ಅದರ ಭುಜದ ಮೇಲೆ ತಿಂಗಳನ್ನೂ ವರ್ಷವನ್ನೂ ಅಚ್ಚೊತ್ತಿ ಕಳುಹಿಸುತ್ತಾರೆ.