ವಿಲೀನದ ವಕೀಲನೂ ಮಲೆನಾಡಿನ ಅಡಮಾನಪತ್ರವೂ

ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ವಕೀಲರೆಂದೊಡನೆ ನೆನಪಿಗೆ ಬರುವುದು ಗೇಣಿಯ ತಕರಾರು, ತೋಟದ ಎಲ್ಲೆ, ಸೊಪ್ಪಿನಬೆಟ್ಟದ ಹಕ್ಕು. 1951ರ ಕಾಗೋಡು ಸತ್ಯಾಗ್ರಹವನ್ನು ಕಂಡ ಸೀಮೆಯಲ್ಲಿ ಇದು ಸಹಜವೇ ಆಗಿದೆ. ತೀರ್ಥಹಳ್ಳಿಯಲ್ಲಿ ವಕೀಲಿವೃತ್ತಿಯನ್ನು ನಡೆಸಿ 1956ರಲ್ಲಿ ಮುಖ್ಯಮಂತ್ರಿಗಳಾದ ಕಡಿದಾಳ್ ಮಂಜಪ್ಪನವರ ಹೆಸರೂ ಗೇಣಿದಾರರ ಪ್ರಶ್ನೆಯೊಡನೆಯೇ ಹೆಣೆದುಕೊಂಡಿದೆ. ಕಂಪೆನಿಗಳನ್ನು ಒಂದುಗೂಡಿಸುವ ವಕೀಲನಾದರೋ ಇಲ್ಲಿಯವರಿಗೆ ಬಹುಮಟ್ಟಿಗೆ ಅಪರಿಚಿತ. ಆದರೂ ಅವನ ವಿದ್ಯೆಯ ಪರಿಣಾಮವು ನಮ್ಮ ಅಡಕೆ ತೋಟಗಳವರೆಗೆ ಬಂದು ಮುಟ್ಟಿದೆ.

1913ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕು 1960ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾಗಿ, 2017ರ ಏಪ್ರಿಲ್ 1ರಂದು ಅದರಲ್ಲಿಯೇ ಲೀನವಾಯಿತು. ತೋಟವನ್ನು ಆಧಾರವಾಗಿಟ್ಟು ಸಾಲ ಪಡೆದಿದ್ದ ಕೃಷಿಕನ ಪತ್ರದಲ್ಲಿ ಸಾಲಿಗನೆಂದು ನಮೂದಾಗಿದ್ದ ಸಂಸ್ಥೆ ಅಂದಿನಿಂದ ಇಲ್ಲ. ಹಾಗಾದರೆ ಸಾಲವೂ ಇಲ್ಲವೆ? ಅವನ ಠೇವಣಿಗೆ ಹೊಣೆ ಯಾರು? ನ್ಯಾಯಾಲಯದಲ್ಲಿ ಬಾಕಿಯಿದ್ದ ದಾವೆಯ ಗತಿಯೇನು? ಪ್ರತಿಯೊಂದು ಪತ್ರವನ್ನೂ ಹೊಸದಾಗಿ ಬರೆಯಿಸಹೊರಟರೆ ವಿಲೀನವು ಎಂದಿಗೂ ಮುಗಿಯಲಾರದು. ಆದುದರಿಂದ ಇಂತಹ ಆಜ್ಞೆಗಳಲ್ಲಿ ಒಂದು ವಾಕ್ಯವಿರುತ್ತದೆ: ಲೀನವಾಗುವ ಸಂಸ್ಥೆಯ ಆಸ್ತಿ, ಋಣ, ಕರಾರು, ವ್ಯಾಜ್ಯಗಳೆಲ್ಲವೂ, ಮೊದಲಿನಿಂದಲೂ ಉತ್ತರಾಧಿಕಾರಿಯೇ ಕಕ್ಷಿಯಾಗಿದ್ದಂತೆ, ಅದಕ್ಕೆ ಸಲ್ಲತಕ್ಕದ್ದು. ಈ ವಾಕ್ಯದಲ್ಲಿ ಯಾವುದೂ ಹೊರಗುಳಿಯದಂತೆ ನೋಡಿಕೊಳ್ಳುವುದೇ ವಿಲೀನದ ವಕೀಲನ ಮುಖ್ಯ ಕಾರ್ಯ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಹೊಸನಗರ ತಾಲ್ಲೂಕಿನ ನಗರವು ನೆನಪಾಗದಿರದು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದು ಹೈದರನಗರವೆಂದು ಹೆಸರಿಟ್ಟನು. ಆದರೆ ಶಿವಪ್ಪನಾಯಕನ ಶಿಸ್ತು ಆ ಬಳಿಕವೂ ಕಂದಾಯಕ್ಕೆ ತಳಹದಿಯಾಗಿ ಉಳಿದುಬಂದಿತು. ಗೆದ್ದವನಿಗೂ ಹಳೆಯ ಲೆಕ್ಕ ಬೇಕಾಗುತ್ತದೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಒಯ್ಯುವುದು ಉಚಿತವಲ್ಲ. ಗೆದ್ದವನು ಸೋತವನ ಸಾಲಕ್ಕೆ ಬದ್ಧನಲ್ಲ, ವಿಲೀನಗೊಳಿಸಿಕೊಂಡವನು ಬದ್ಧ.

ಸಾಮಾನ್ಯ ಕಂಪೆನಿಗಳ ದಾರಿ ಬೇರೆ. 2013ರ ಕಂಪೆನಿ ಕಾಯಿದೆಯ 230ರಿಂದ 232ನೆಯ ಪ್ರಕರಣಗಳಂತೆ ವಿಲೀನ ಯೋಜನೆಯನ್ನು ಷೇರುದಾರರ ಮತ್ತು ಸಾಲಿಗರ ಸಭೆಗಳ ಮುಂದಿಡಬೇಕು. ಮತ ನೀಡಿದವರಲ್ಲಿ ಮೌಲ್ಯದ ಮುಕ್ಕಾಲು ಪಾಲು ಒಪ್ಪಬೇಕು. ಅನಂತರ ರಾಷ್ಟ್ರೀಯ ಕಂಪೆನಿ ಕಾನೂನು ನ್ಯಾಯಮಂಡಳಿಯ ಮಂಜೂರಾತಿ ಅಗತ್ಯ. 2016ರ ಡಿಸೆಂಬರಿನವರೆಗೆ ಈ ಅಧಿಕಾರ ಉಚ್ಚ ನ್ಯಾಯಾಲಯಗಳದಾಗಿತ್ತು.

ಈ ವೃತ್ತಿಗೆ ಕಾನೂನಿನ ಪದವಿ, ವಕೀಲರ ಪರಿಷತ್ತಿನಲ್ಲಿ ನೋಂದಣಿ ಬೇಕೆಂಬುದು ಸರಿಯೆ. ಆದರೆ ಮೊದಲ ಕೆಲವು ವರ್ಷಗಳು ವಾದದಲ್ಲಲ್ಲ, ಕಡತಗಳನ್ನು ಓದುವುದರಲ್ಲಿಯೇ ಕಳೆಯುತ್ತವೆ: ಹಕ್ಕುಪತ್ರ, ಕರಾರು, ತೆರಿಗೆಯ ಬಾಕಿ, ನೌಕರರ ಸೇವಾಷರತ್ತು. ಮೌಲ್ಯನಿರ್ಣಯವು ಮಾತ್ರ ಲೆಕ್ಕಪರಿಣತರ ಕೆಲಸ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ 10 ಷೇರುಗಳಿಗೆ ಭಾರತೀಯ ಸ್ಟೇಟ್ ಬ್ಯಾಂಕಿನ 22 ಷೇರುಗಳು ದೊರೆತವು. 2020ರಲ್ಲಿ ಸಿಂಡಿಕೇಟ್ ಬ್ಯಾಂಕಿನ 1000 ಷೇರುಗಳಿಗೆ ಕೆನರಾ ಬ್ಯಾಂಕಿನ 158. ಅಡಮಾನವಿಟ್ಟ ಕೃಷಿಕನಿಗೆ ಈ ಪ್ರಮಾಣಗಳ ಗೊಡವೆಯಿಲ್ಲ. ಅವನಿಗೆ ಬೇಕಾದುದು ಸಾಲ ತೀರಿದ ದಿನ ಮೂಲಪತ್ರವನ್ನು ಯಾರು ಹಿಂದಿರುಗಿಸುವರೆಂಬುದು. ಅದಕ್ಕೆ ಉತ್ತರವು ಮೇಲೆ ಹೇಳಿದ ಆ ಒಂದು ವಾಕ್ಯದಲ್ಲಿದೆ.