ಇಲಾಖೆಗೇ ನೀರು ನುಗ್ಗಿದಾಗ

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನಲ್ಲಿ ನೀರಿಗೇನೂ ಬರವಿರಲಿಲ್ಲ. ಬೆಳ್ಳಂದೂರಿನಲ್ಲಿತ್ತು, ಹೊರವರ್ತುಲ ರಸ್ತೆಯಲ್ಲಿತ್ತು, ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಹಜಾರದಲ್ಲೂ ಇತ್ತು. ನಲ್ಲಿಯಲ್ಲಿ ಮಾತ್ರ ಇರಲಿಲ್ಲ. ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೊರಟವರ ಚಿತ್ರಗಳು ದೇಶವೆಲ್ಲ ಸುತ್ತುತ್ತಿದ್ದಾಗಲೇ ಜಲಮಂಡಳಿ ಇನ್ನೊಂದು ಸುದ್ದಿ ಕೊಟ್ಟಿತು: ನಗರದ ಬಹುಭಾಗಕ್ಕೆ ಎರಡು ದಿನ ಕಾವೇರಿ ನೀರು ಬರುವುದಿಲ್ಲ.

ಕಾರಣ ಇದ್ದದ್ದು ಸುಮಾರು ನೂರು ಕಿಲೊಮೀಟರ್ ಆಚೆ, ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ಕಡತಗಳಲ್ಲಿ, ಪತ್ರಿಕೆಗಳಲ್ಲಿ ಅದು ಟಿ.ಕೆ. ಹಳ್ಳಿ. ಭಾನುವಾರ ರಾತ್ರಿ ಸುರಿದ ಮಳೆಗೆ ಅಲ್ಲಿನ ಹೊಳೆ ಉಕ್ಕಿ ಜಲಮಂಡಳಿಯ ಪಂಪ್‌ಹೌಸ್‌ಗಳಿಗೇ ನೀರು ನುಗ್ಗಿತ್ತು. ನೀರೆತ್ತುವ ಯಂತ್ರಗಳು ನೀರಿನಲ್ಲಿ ಮುಳುಗಿದ್ದವು. ಕಾವೇರಿ ನೀರಿನ ಯೋಜನೆಯ ಮೂರನೇ ಹಂತ ಮತ್ತು ನಾಲ್ಕನೇ ಹಂತದ ಪಂಪಿಂಗ್ ನಿಂತಿತು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಮರುದಿನವೇ ಸ್ಥಳಕ್ಕೆ ಹೋದರು. ಪಂಪಿಂಗ್ ಮತ್ತೆ ಶುರುವಾಗುವವರೆಗೆ ಸರ್ಕಾರಿ ಕೊಳವೆಬಾವಿಗಳಿಂದ, ಅವೂ ಇಲ್ಲದ ಕಡೆ ಟ್ಯಾಂಕರ್‌ಗಳಿಂದ ನೀರು ಕೊಡುವುದಾಗಿ ಹೇಳಿದರು.

ಕನಕಪುರ ರಸ್ತೆಯವರಿಗೆ ಈ ಸಂಗತಿ ಬೇರೆಯವರಿಗಿಂತ ಹತ್ತಿರದ್ದು. ಶಿವ ಅಣೆಕಟ್ಟೆಯ ಬಳಿಯಿಂದ ಹೊರಟ ಕಾವೇರಿ ನೀರು ಟಿ.ಕೆ. ಹಳ್ಳಿಯಲ್ಲಿ ಶುದ್ಧವಾಗಿ, ಅಲ್ಲಿಂದ ಹಾರೋಹಳ್ಳಿಗೆ, ಹಾರೋಹಳ್ಳಿಯಿಂದ ತಾತಗುಣಿಗೆ ಏರುತ್ತದೆ. ದೇವಿಕಾ ರಾಣಿ–ರೋರಿಕ್ ದಂಪತಿಯ ಎಸ್ಟೇಟಿನಿಂದ ಹೆಸರಾದ ತಾತಗುಣಿಯೇ ನಗರದ ಹೊಸ್ತಿಲಿನ ಕೊನೆಯ ಪಂಪಿಂಗ್ ಸ್ಟೇಷನ್. ಒಟ್ಟು ಏರು ಐನೂರು ಮೀಟರಿನಷ್ಟು. ಕೋಣನಕುಂಟೆ ಅಲ್ಲಿಂದ ಕೆಲವೇ ಕಿಲೊಮೀಟರ್. 2021ರ ಜನವರಿಯಲ್ಲಿ ಕೋಣನಕುಂಟೆ ಕ್ರಾಸ್ ಮೆಟ್ರೊ ನಿಲ್ದಾಣ ತೆರೆದ ಮೇಲೆ ಸುತ್ತಮುತ್ತ ಎದ್ದ ಅಪಾರ್ಟ್‌ಮೆಂಟುಗಳಿಗೆ ಲೆಕ್ಕವಿಲ್ಲ. ಎಲ್ಲರ ಸಂಪಿನ ಚಿಂತೆ ಒಂದೇ: ಇವತ್ತು ಕಾವೇರಿ ಬಿಡ್ತಾರಾ? ಆ ಪ್ರಶ್ನೆಗೆ ಉತ್ತರ ಕೊಡುವುದು ಬಡಾವಣೆಯ ವಾಲ್ವ್‌ಮನ್ ಎಂದುಕೊಂಡರೂ ನಿಜವಾದ ಉತ್ತರ ಇರುವುದು ಮಳವಳ್ಳಿ ತಾಲ್ಲೂಕಿನ ಒಂದು ಪಂಪ್‌ಹೌಸಿನಲ್ಲಿ.

ನಮ್ಮಲ್ಲಿ ವಿಪತ್ತು ನಿರ್ವಹಣೆ ಎಂದರೆ ಕಣ್ಣಿಗೆ ಬರುವುದು ದೋಣಿ, ಹಗ್ಗ, ಗಂಜಿ ಕೇಂದ್ರ, ಎನ್‌ಡಿಆರ್‌ಎಫ್‌ನ ಕಿತ್ತಳೆ ಸಮವಸ್ತ್ರ. ಸರ್ಕಾರ ಜನರನ್ನು ಕಾಪಾಡಲು ಬರುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ಚಿತ್ರ ಅದು. ಆದರೆ ಕಾಪಾಡಬೇಕಾದ ಇಲಾಖೆಯೇ ಮುಳುಗಿದರೆ? ಕಚೇರಿ ಸುಟ್ಟರೆ, ಸಿಬ್ಬಂದಿ ಹಾಸಿಗೆ ಹಿಡಿದರೆ, ಕಂಪ್ಯೂಟರ್ ಕೈಕೊಟ್ಟರೆ? ಅಂಥ ದಿನದಲ್ಲೂ ಯಾವ ಕೆಲಸ ನಿಲ್ಲಬಾರದು, ಅದನ್ನು ಎಲ್ಲಿಂದ ಮಾಡಬೇಕು, ಯಾರು ಸಹಿ ಹಾಕಬೇಕು, ಯಾವ ದಾಖಲೆಯ ಪ್ರತಿ ಎಲ್ಲಿರಬೇಕು ಎಂಬುದನ್ನು ಮುಂಚೆಯೇ ಬರೆದಿಡುವುದು ಆಡಳಿತದಲ್ಲಿ ಬೇರೆಯದೇ ಒಂದು ವಿದ್ಯೆ.

ಅದಕ್ಕೆ ರೂಪ ಬಂದದ್ದು ಶೀತಲ ಸಮರದ ಕಾಲದ ಅಮೆರಿಕದಲ್ಲಿ. ವಾಷಿಂಗ್ಟನ್ ಮೇಲೆ ಅಣುಬಾಂಬ್ ಬಿದ್ದರೂ ಸಂಸತ್ತು ಸೇರಲೆಂದು ವೆಸ್ಟ್ ವರ್ಜೀನಿಯಾದ ಗ್ರೀನ್‌ಬ್ರಯರ್ ಹೋಟೆಲಿನ ಅಡಿಯಲ್ಲಿ ಗುಟ್ಟಾಗಿ ಬಂಕರ್ ಕಟ್ಟಿದ್ದರು. 1992ರಲ್ಲಿ ಪತ್ರಿಕೆಯೊಂದು ಗುಟ್ಟು ಹೊರಹಾಕುವವರೆಗೂ ಅದು ಸಿದ್ಧವಾಗಿಯೇ ಇತ್ತು. ಇಷ್ಟೆಲ್ಲ ತಯಾರಿಯ ದೇಶವೂ ಎಡವದೆ ಇರಲಿಲ್ಲ. ನ್ಯೂಯಾರ್ಕ್ ನಗರದ ತುರ್ತು ನಿರ್ವಹಣಾ ಕೇಂದ್ರ ಇದ್ದದ್ದು ವರ್ಲ್ಡ್ ಟ್ರೇಡ್ ಸೆಂಟರಿನ ಏಳನೇ ಕಟ್ಟಡದಲ್ಲಿ, 23ನೇ ಮಹಡಿಯಲ್ಲಿ. 2001ರ ಸೆಪ್ಟೆಂಬರ್ 11ರಂದು ಅದು ಎಲ್ಲಕ್ಕಿಂತ ಹೆಚ್ಚು ಬೇಕಾಗಿತ್ತು. ಅದೇ ದಿನ ಆ ಕಟ್ಟಡವೇ ಕುಸಿಯಿತು. ಹಡಗುಕಟ್ಟೆಯ ಒಂದು ದೊಡ್ಡ ಶೆಡ್ಡಿನಲ್ಲಿ, ಪಿಯರ್ 92ರಲ್ಲಿ, ಕೆಲವೇ ದಿನಗಳಲ್ಲಿ ಹೊಸ ಕೇಂದ್ರ ನಿಲ್ಲಿಸಿದರು.

ನಮ್ಮ ಕಾನೂನಿನಲ್ಲೂ ಇದಕ್ಕೆ ಜಾಗವಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 40ನೇ ಪ್ರಕರಣದ ಪ್ರಕಾರ ರಾಜ್ಯ ಸರ್ಕಾರದ ಪ್ರತಿಯೊಂದು ಇಲಾಖೆಯೂ ತನ್ನದೇ ವಿಪತ್ತು ನಿರ್ವಹಣಾ ಯೋಜನೆ ಮಾಡಬೇಕು. 2025ರ ತಿದ್ದುಪಡಿ ರಾಜ್ಯದ ರಾಜಧಾನಿಗಳಿಗೆ, ಮಹಾನಗರ ಪಾಲಿಕೆಯಿರುವ ನಗರಗಳಿಗೆ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ದಾರಿ ಮಾಡಿತು. ಆದರೆ ಇಂಥ ಯೋಜನೆಗಳ ಗಮನವೆಲ್ಲ ಸಾಮಾನ್ಯವಾಗಿ ಹೊರಗಿನ ವಿಪತ್ತಿನ ಮೇಲೆ: ಮಳೆ ಬಂದರೆ ಯಾರಿಗೆ ಏನು ಕೊಡಬೇಕು ಎಂಬುದು. ತಾನೇ ಬಿದ್ದರೆ ಏನು ಎಂಬ ಪ್ರಶ್ನೆಯನ್ನು ಇಲಾಖೆ ತನಗೆ ತಾನೇ ಕೇಳಿಕೊಳ್ಳುವುದು ಅಪರೂಪ.

ಬೆಂಗಳೂರಿನ ನೀರಿನ ಕಥೆಯನ್ನೇ ಹಿಂದಕ್ಕೆ ಓದಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. 1896ರಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳವೆ ನೀರು ಬಂತು. 1920ರ ದಶಕದಲ್ಲಿ ಮಳೆ ಕೈಕೊಟ್ಟು ಹೆಸರಘಟ್ಟ ಬತ್ತಿದಾಗ ಹೊಸ ಮೂಲ ಹುಡುಕಿ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಮಾಡಿದರು. ನಗರ ಬೆಳೆದು ಅದೂ ಸಾಲದಾಗಿ, 1974ರಲ್ಲಿ ಕಾವೇರಿ ಬಂದಳು. ಅಲ್ಲಿಂದಾಚೆಗೆ ಹಂತದ ಮೇಲೆ ಹಂತ. ಈ ನಡುವೆ ಅರ್ಕಾವತಿ ಮಲಿನಗೊಂಡು ತಿಪ್ಪಗೊಂಡನಹಳ್ಳಿಯ ಬಳಕೆ ತಪ್ಪಿತು. ಪ್ರತಿ ಸಲವೂ ಹೊಸ ಮೂಲ ಬಂದ ಮೇಲೆ ಹಳೆಯದು ಕ್ರಮೇಣ ಕೈಬಿಟ್ಟುಹೋಗಿದೆ. ಎರಡನ್ನೂ ಉಳಿಸಿಕೊಂಡಿದ್ದರೆ ಕೆಟ್ಟ ದಿನಕ್ಕೆ ಇನ್ನೊಂದು ಆಸರೆ ಇರುತ್ತಿತ್ತು.

2022ರಲ್ಲಿ ಆಸರೆಯಾಗಿ ನೆನಪಾದದ್ದು ಕೊಳವೆಬಾವಿ. ನಗರದಲ್ಲಿ ಸರ್ಕಾರದ 8,000 ಕೊಳವೆಬಾವಿಗಳಿವೆ, ಅವನ್ನು ಬಳಸುತ್ತೇವೆ ಎಂದು ಆಗ ಹೇಳಲಾಯಿತು. ಮಳೆಗಾಲದ ಎರಡು ದಿನಕ್ಕೆ ಆ ಉತ್ತರ ಹೇಗೋ ನಡೆಯಿತು. ಹದಿನೆಂಟು ತಿಂಗಳು ಕಳೆಯುವ ಹೊತ್ತಿಗೆ, 2024ರ ಮಾರ್ಚಿನಲ್ಲಿ, ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟ ಲೆಕ್ಕ ಬೇರೆ: ಇರುವ ಸುಮಾರು 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆ, ನಗರಕ್ಕೆ ದಿನಕ್ಕೆ 50 ಕೋಟಿ ಲೀಟರ್ ನೀರಿನ ಕೊರತೆಯಿದೆ. ಟ್ಯಾಂಕರ್‌ನವರು ಹೇಳಿದ್ದೇ ದರವಾಗಿ, ಕೊನೆಗೆ ಜಿಲ್ಲಾಡಳಿತ ಐದು ಕಿಲೊಮೀಟರ್ ಒಳಗಿನ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ ಎಂದು ಬೆಲೆ ಕಟ್ಟಬೇಕಾಯಿತು. ಆ ಬೇಸಿಗೆಯಲ್ಲಿ ಟಿ.ಕೆ. ಹಳ್ಳಿಯೂ ಎರಡು ದಿನ ನಿಂತಿದ್ದರೆ? ಹಾಗಾಗಲಿಲ್ಲ, ಸದ್ಯ. ಬದಲಿ ವ್ಯವಸ್ಥೆ ಎಂದು ಕಾಗದದ ಮೇಲೆ ತೋರಿಸಿದ್ದು ಅಗತ್ಯ ಬಿದ್ದಾಗ ಇರುತ್ತದೆಯೇ ಎಂದು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಹೋಗಿ ನೋಡಿದ್ದರೆ ಮಾತ್ರ ಅದು ಯೋಜನೆ.

2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಜಪಾನಿನ ಜೈಕಾ ಸಾಲದ ನೆರವಿನ ಈ ಹಂತದಿಂದ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಬರುತ್ತದೆ. ಪಾಲಿಕೆಗೆ ಸೇರಿ ವರ್ಷಗಳೇ ಕಳೆದರೂ ಕಾವೇರಿ ಕಾಣದ 110 ಹಳ್ಳಿಗಳಿಗೆ ಅದು ನಿಜಕ್ಕೂ ದೊಡ್ಡ ಸಮಾಧಾನ, ಇದನ್ನು ಕಡೆಗಣಿಸುವಂತಿಲ್ಲ. ಆದರೆ ಐದನೇ ಹಂತದ ಶುದ್ಧೀಕರಣ ಘಟಕ ಎದ್ದದ್ದೂ ಟಿ.ಕೆ. ಹಳ್ಳಿಯಲ್ಲೇ. ನೀರು ಹೆಚ್ಚಿತು, ನೀರಿನ ದಾರಿ ಹೆಚ್ಚಲಿಲ್ಲ. ನದಿ ಇರುವುದು ಆ ದಿಕ್ಕಿಗೆ, ಭೂಮಿಯ ಏರಿಳಿತ ಹಾಗಿದೆ, ಎಂಜಿನಿಯರುಗಳಿಗೆ ಬೇರೆ ಆಯ್ಕೆ ಸುಲಭವಿರಲಿಲ್ಲ. ಅದಕ್ಕೇ ಅಲ್ಲಿನ ಪ್ರವಾಹ ತಡೆಗೋಡೆ, ಎತ್ತರದಲ್ಲಿಟ್ಟ ವಿದ್ಯುತ್ ಪ್ಯಾನೆಲ್, ಬಿಡಿ ಮೋಟಾರ್, ನೀರು ಹೊರಹಾಕುವ ಪಂಪುಗಳ ಲೆಕ್ಕ ಮಂಡ್ಯಕ್ಕಿಂತ ಹೆಚ್ಚಾಗಿ ಕೋಣನಕುಂಟೆಗೆ, ಜೆ.ಪಿ. ನಗರಕ್ಕೆ, ಬನಶಂಕರಿಗೆ ಸಂಬಂಧಿಸಿದ್ದು.

ಯಂತ್ರದ ಮಾತು ಹೀಗಾದರೆ ಮನುಷ್ಯರದು ಇನ್ನೊಂದು. ಸರ್ಕಾರಿ ಕಚೇರಿಗೆ ಅಲೆದವರಿಗೆಲ್ಲ ಗೊತ್ತಿರುವ ಮಾತುಗಳಿವೆ: ಸಾಹೇಬರು ರಜೆ, ಕೇಸ್ ವರ್ಕರ್ ಬಂದಿಲ್ಲ, ನಾಳೆ ಬನ್ನಿ. ಮಾಮೂಲಿ ದಿನದಲ್ಲೇ ಒಬ್ಬರು ಬರದಿದ್ದರೆ ಕಡತ ಕದಲದ ಕಚೇರಿ ವಿಪತ್ತಿನ ದಿನ ಏನು ಮಾಡೀತು? ಪ್ರಭಾರ ಯಾರಿಗೆ, ಅವರೂ ಸಿಗದಿದ್ದರೆ ಯಾರಿಗೆ, ಎಷ್ಟು ಲಕ್ಷದವರೆಗಿನ ಖರ್ಚಿಗೆ ಅವರು ಸಹಿ ಹಾಕಬಹುದು ಎಂಬ ಪಟ್ಟಿ ಗೋಡೆಯ ಮೇಲಿದ್ದರೆ ಅರ್ಧ ಗೆದ್ದಂತೆ. ಕೋವಿಡ್ ಇದನ್ನು ಬಲವಂತವಾಗಿ ಕಲಿಸಿತು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಉಪ ಕಾರ್ಯದರ್ಶಿ ಮತ್ತು ಮೇಲಿನವರೆಲ್ಲ ಹಾಜರಿರಬೇಕು, ಉಳಿದವರು ಶೇ 33ರವರೆಗೆ ಸಾಕು ಎಂದು ಹೇಳಿತು. ಯಾವ ಕೆಲಸ ನಿಲ್ಲಬಾರದು, ಯಾವುದು ಒಂದು ತಿಂಗಳು ಕಾಯಬಹುದು ಎಂದು ವಿಂಗಡಿಸುವ ಕೆಲಸವನ್ನು ಇಲಾಖೆಗಳು ಆಗ ರಾತ್ರೋರಾತ್ರಿ ಮಾಡಿದವು. ಮರುವರ್ಷದ ಏಪ್ರಿಲ್‌ನಲ್ಲಿ ಸಾರಿಗೆ ನೌಕರರು ಎರಡು ವಾರ ಮುಷ್ಕರ ಹೂಡಿದಾಗ ಖಾಸಗಿ ಬಸ್ಸುಗಳನ್ನು ಸರ್ಕಾರಿ ನಿಲ್ದಾಣಗಳಿಗೆ ಬಿಟ್ಟು ಹೇಗೋ ನಿಭಾಯಿಸಿದರು. ಈ ‘ಹೇಗೋ’ ನಮ್ಮ ಆಡಳಿತದ ಬಲ ನಿಜ. ಅದನ್ನೇ ನೆಚ್ಚಿ ಯೋಜನೆ ಬರೆಯದೇ ಕೂರುವುದೂ ನಮ್ಮ ರೂಢಿ.

ಆಡಳಿತದ ನಕ್ಷೆಯೇ ಬದಲಾದಾಗ ಪಟ್ಟಿಯ ಅಗತ್ಯ ಇನ್ನೂ ಹೆಚ್ಚು. 2025ರ ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದವು, ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ರಾಜಕಾಲುವೆ ತುಂಬಿದ ರಾತ್ರಿ ಫೋನ್ ಎತ್ತಬೇಕಾದವರು ಯಾರು ಎಂಬುದು ಜನರಿಗಿರಲಿ, ಅಧಿಕಾರಿಗಳಿಗೂ ಬಾಯಿಪಾಠವಾಗಬೇಕಾದ ಸಮಯ ಇದು.

ದಾಖಲೆಗಳದು ಎಲ್ಲಕ್ಕಿಂತ ನಿಧಾನವಾಗಿ ತಿಳಿಯುವ ನಷ್ಟ. 2012ರ ಜೂನ್ 21ರಂದು ಮಹಾರಾಷ್ಟ್ರ ಸರ್ಕಾರದ ಆಡಳಿತ ಕೇಂದ್ರವಾದ ಮುಂಬೈನ ಮಂತ್ರಾಲಯಕ್ಕೆ ಬೆಂಕಿ ಬಿದ್ದು ಐವರು ಸತ್ತರು. ಮಹಡಿಗಟ್ಟಲೆ ಕಡತಗಳು ಬೂದಿಯಾದವು. ಬೆಂಗಳೂರಿನಲ್ಲೇ 2023ರ ಆಗಸ್ಟ್ 11ರಂದು ಬಿಬಿಎಂಪಿ ಕೇಂದ್ರ ಕಚೇರಿ ಆವರಣದ ಗುಣಮಟ್ಟ ಪರೀಕ್ಷಾ ಪ್ರಯೋಗಾಲಯದಲ್ಲಿ ಬೆಂಕಿ ಎದ್ದು ಒಂಬತ್ತು ಮಂದಿ ಗಾಯಗೊಂಡರು, ಅವರಲ್ಲಿ ಮುಖ್ಯ ಎಂಜಿನಿಯರ್ ಆಮೇಲೆ ತೀರಿಕೊಂಡರು. ಗಾಯಾಳುಗಳು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಕಾಮಗಾರಿ ಕಡತಗಳು ಸುಟ್ಟವೋ ಉಳಿದವೋ ಎಂಬ ವಾಗ್ವಾದ ಶುರುವಾಯಿತು. ಪ್ರತಿ ಬೇರೆಡೆ ಇದೆ ಎಂದು ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಆ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ.

ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದರಾಯಿತು ಎಂದರೆ, ಆಗಲಿಲ್ಲ. ದಕ್ಷಿಣ ಕೊರಿಯಾ ಡಿಜಿಟಲ್ ಸರ್ಕಾರಕ್ಕೆ ಹೆಸರಾದ ದೇಶ. 2025ರ ಸೆಪ್ಟೆಂಬರ್ 26ರಂದು ದೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಬ್ಯಾಟರಿಗೆ ಬೆಂಕಿ ತಗುಲಿ 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ಏಕಕಾಲಕ್ಕೆ ನಿಂತವು. ಅಧಿಕಾರಿಗಳು ಕಡತ ಇಡುತ್ತಿದ್ದ ಜಿ-ಡ್ರೈವ್ ಎಂಬ ಭಂಡಾರದ 858 ಟೆರಾಬೈಟ್ ಮಾಹಿತಿ ಪೂರ್ತಿ ಹೋಯಿತು, ಅದಕ್ಕೆ ಬ್ಯಾಕಪ್ ಇರಲೇ ಇಲ್ಲ. ಇದಕ್ಕೆ ತದ್ವಿರುದ್ಧ ಪುಟ್ಟ ಎಸ್ಟೋನಿಯಾ. ತನ್ನ ನೆಲವೇ ಕೈತಪ್ಪಿದರೂ ಸರ್ಕಾರ ನಡೆಯಬೇಕೆಂದು 2017ರಲ್ಲಿ ಲಕ್ಸೆಂಬರ್ಗ್ ಜೊತೆ ಒಪ್ಪಂದ ಮಾಡಿಕೊಂಡು ತನ್ನ ದಾಖಲೆಗಳ ಪ್ರತಿಯನ್ನು ಅಲ್ಲಿಟ್ಟಿತು. ಆ ಕೇಂದ್ರಕ್ಕೆ ರಾಯಭಾರ ಕಚೇರಿಯಂಥದೇ ರಕ್ಷಣೆ.

ಕರ್ನಾಟಕದ ಅನುಭವ ಇವೆರಡರ ನಡುವಿನದು. 2025ರ ಜನವರಿ–ಫೆಬ್ರವರಿಯಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಕುಸಿದು ಉಪ ನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಕಾದು ಕಾದು ವಾಪಸಾದರು. ಬೇಕಂತಲೇ ನಕಲಿ ಕೋರಿಕೆಗಳ ಮಹಾಪೂರ ಹರಿಸಿ ನಡೆಸಿದ ದಾಳಿ ಅದು ಎಂದು ಕಂದಾಯ ಸಚಿವ ಕೃಷ್ಣ ಬೈರೇಗೌಡ ಹೇಳಿದರು. ಮನೆ ಕೊಳ್ಳಲು ಬ್ಯಾಂಕ್ ಸಾಲ ಮಂಜೂರಾಗಿ, ಮುಹೂರ್ತವೂ ನೋಡಿ ಬಂದವರಿಗೆ ದಾಳಿಯೋ ದೋಷವೋ ಎರಡೂ ಒಂದೇ. ಅವರಿಗೆ ಕೇಳಿಸಿದ್ದು ‘ಸರ್ವರ್ ಡೌನ್’. ಅದೇ ಕಂದಾಯ ಇಲಾಖೆ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಯನ್ನೂ ಕೈಗೆತ್ತಿಕೊಂಡಿದೆ. ಗೆದ್ದಲು, ಸೋರುವ ಮಾಡು, ಕೈಚಳಕ ಈ ಮೂರರಿಂದಲೂ ರೈತರ ಹಕ್ಕುಪತ್ರ ಉಳಿಸುವ ಕೆಲಸ ಇದು. ಸ್ಕ್ಯಾನ್ ಆದ ಪ್ರತಿಗಳು ಎಷ್ಟು ಕಡೆ ಇರುತ್ತವೆ ಎಂಬುದೂ ಸ್ಕ್ಯಾನ್ ಆಗುವುದರಷ್ಟೇ ಮುಖ್ಯ.

ಉಳಿದದ್ದು ತಾಲೀಮು. ಬೆಂಕಿ ಅಣಕು ಪ್ರದರ್ಶನ ಹಲವು ಕಚೇರಿಗಳಲ್ಲಿ ಆಗುತ್ತದೆ, ಎಲ್ಲರೂ ಕೆಳಗಿಳಿದು ಫೋಟೊ ತೆಗೆಸಿಕೊಂಡು ಮೇಲೆ ಹೋಗುತ್ತಾರೆ. ಕೆಳಗಿಳಿದವರು ಆ ದಿನದ ಕೆಲಸವನ್ನು ಎಲ್ಲಿ ಕೂತು ಮಾಡುತ್ತಾರೆ ಎಂಬ ತಾಲೀಮು ಆಗುವುದಿಲ್ಲ. ಜಲಮಂಡಳಿಗೆ ಇದಕ್ಕೆ ಸಿದ್ಧ ಅವಕಾಶವೊಂದಿದೆ. 2025ರ ಸೆಪ್ಟೆಂಬರ್ ಮಧ್ಯದಲ್ಲಿ ಮಾಡಿದಂತೆ ನಿರ್ವಹಣೆಗಾಗಿ ಮುಂಚೆಯೇ ಹೇಳಿ ಪಂಪಿಂಗ್ ನಿಲ್ಲಿಸುವ ದಿನಗಳಿರುತ್ತವಲ್ಲ, ಅವೇ ತಾಲೀಮಿನ ದಿನಗಳಾಗಬಹುದು. ಎಷ್ಟು ಟ್ಯಾಂಕರ್ ಹೊರಟವು, ಯಾವ ಆಸ್ಪತ್ರೆಗೆ ಮೊದಲು ಹೋದವು, ಯಾವ ಬೀದಿಗೆ ತಲುಪಲೇ ಇಲ್ಲ ಎಂಬ ಲೆಕ್ಕವನ್ನು ಪ್ರಕಟಿಸಿದರೆ ಮುಂದಿನ ಪ್ರವಾಹಕ್ಕೆ ಅದಕ್ಕಿಂತ ಒಳ್ಳೆಯ ಕೈಪಿಡಿ ಬೇಕಿಲ್ಲ.

ಅಲ್ಲಿಯವರೆಗೆ ನಿವಾಸಿಗಳೇ ಕೇಳಬಹುದು. ಟಿ.ಕೆ. ಹಳ್ಳಿ ಮೂರು ದಿನ ನಿಂತರೆ ನಮ್ಮ ವಾರ್ಡಿಗೆ ನೀರು ಯಾವ ಕೊಳವೆಬಾವಿಯಿಂದ, ಎಷ್ಟು ಟ್ಯಾಂಕರಿನಲ್ಲಿ, ಯಾರ ಹೊಣೆಯಲ್ಲಿ ಬರುತ್ತದೆ? ಈ ಪ್ರಶ್ನೆಯನ್ನು ಜಲಮಂಡಳಿ ಉಪವಿಭಾಗಗಳಲ್ಲಿ ನಡೆಯುವ ನೀರಿನ ಅದಾಲತ್‌ನಲ್ಲಿ ಎತ್ತಬಹುದು, 1916ಕ್ಕೆ ಕರೆ ಮಾಡಿಯೂ ಕೇಳಬಹುದು. ಉತ್ತರ ಬರಹದಲ್ಲಿ ಬೇಕಿದ್ದರೆ ಮಾಹಿತಿ ಹಕ್ಕು ಅರ್ಜಿಯಿದೆ: ಒಂದೇ ವಿಷಯ, 150 ಪದ ಮೀರದಂತೆ, ಶುಲ್ಕ 10 ರೂಪಾಯಿ. ಉತ್ತರಕ್ಕೆ ಇಲಾಖೆಗಿರುವ ಗಡುವು 30 ದಿನ.